ಓಝಿಲ್: ಗೆದ್ದಾಗ ಕಲೆಗಾರ, ಸೋತಾಗ ಅಪರಾಧಿ

2018ರ ಜೂನ್ 27. ರಷ್ಯಾದ ಕಜಾನ್‌ನಲ್ಲಿ ದಕ್ಷಿಣ ಕೊರಿಯಾ ಎದುರು 0–2ರಿಂದ ಸೋತ ಹಾಲಿ ಚಾಂಪಿಯನ್ ಜರ್ಮನಿ, ವಿಶ್ವಕಪ್ ಫುಟ್‌ಬಾಲ್‌ನ ಮೊದಲ ಸುತ್ತಿನಲ್ಲೇ ಹೊರಬಿತ್ತು. ಅಂದು ಸಹ ಆಟಗಾರರಿಗೆ ಏಳು ಬಾರಿ ಗೋಲಿನ ಅವಕಾಶ ಒದಗಿಸಿದವರು ಮೆಸುತ್ ಓಝಿಲ್. ಒಂದೂ ಗೋಲಾಗಲಿಲ್ಲ. ಸೋಲಿನ ಹೊಣೆ ಯಾರದೆಂಬ ಚರ್ಚೆಯಲ್ಲಿ ಮೊದಲು ಕೇಳಿಬಂದ ಹೆಸರೂ ಅವರದೇ.

ಈ ವೈರುಧ್ಯವೇ ಓಝಿಲ್ ವೃತ್ತಿಜೀವನದ ಸಾರ.

ಕಣ್ಣಿಗೆ ಬೀಳದ ಕೆಲಸ

ಗೋಲು ಹೊಡೆದವನ ಹೆಸರು ಫಲಕದ ಮೇಲೆ ಮೂಡುತ್ತದೆ. ಗೋಲಿಗೆ ದಾರಿ ಮಾಡಿಕೊಟ್ಟವನನ್ನು ನೆನೆಯುವವರು ಕಡಿಮೆ. ಓಝಿಲ್ ಈ ಎರಡನೆಯ ವರ್ಗದವರು. ಚೆಂಡು ಕಾಲಿಗೆ ಬರುವ ಮೊದಲೇ ತಲೆಯೆತ್ತಿ ಸುತ್ತ ನೋಡುವುದು, ಎದುರಾಳಿಯ ಮಿಡ್‌ಫೀಲ್ಡರ್‌ಗಳು ಮತ್ತು ಡಿಫೆಂಡರ್‌ಗಳ ನಡುವಿನ ಖಾಲಿ ಜಾಗಕ್ಕೆ ಸದ್ದಿಲ್ಲದೆ ಜಾರುವುದು, ಓಡುತ್ತಿರುವ ಜೊತೆಗಾರನ ವೇಗ ಕುಂದದಂತೆ ಎಡಗಾಲಿನ ಒಂದೇ ಸ್ಪರ್ಶದಲ್ಲಿ ಚೆಂಡು ದಾಟಿಸುವುದು ಅವರ ಶೈಲಿ. ಗೋಲು ಹೊಡೆಯುವಾಗಲೂ ಚೆಂಡನ್ನು ನೆಲಕ್ಕೆ ಒತ್ತಿ ಒದ್ದು, ಅದು ಪುಟಿದು ಗೋಲ್‌ಕೀಪರ್‌ನನ್ನು ದಾಟುವಂತೆ ಮಾಡುತ್ತಿದ್ದರು.

ವರ್ಡರ್ ಬ್ರೆಮನ್ ಕ್ಲಬ್‌ನಲ್ಲಿ ಬೆಳಗಿದ ಈ ಪ್ರತಿಭೆಯನ್ನು 2010ರ ವಿಶ್ವಕಪ್ ಜಗತ್ತಿಗೆ ಪರಿಚಯಿಸಿತು. ಅದೇ ವರ್ಷ ರಿಯಲ್ ಮ್ಯಾಡ್ರಿಡ್ ಸೇರಿದರು. 2013ರಲ್ಲಿ ಆರ್ಸೆನಲ್ ಸುಮಾರು 4.25 ಕೋಟಿ ಪೌಂಡ್ ತೆತ್ತು ಅವರನ್ನು ಕೊಂಡಿತು. ಅದು ಆ ಕ್ಲಬ್‌ನ ಅಂದಿನ ದಾಖಲೆ ಮೊತ್ತ. 2014ರಲ್ಲಿ ಎಫ್‌ಎ ಕಪ್ ಗೆದ್ದ ಆರ್ಸೆನಲ್, 2005ರ ನಂತರದ ಪ್ರಶಸ್ತಿ ಬರವನ್ನು ನೀಗಿಸಿಕೊಂಡಿತು. ಅದೇ ವರ್ಷ ಓಝಿಲ್ ವಿಶ್ವಕಪ್ ವಿಜೇತ ತಂಡದಲ್ಲೂ ಇದ್ದರು. 2015–16ರ ಪ್ರೀಮಿಯರ್ ಲೀಗ್‌ನಲ್ಲಿ ಅವರ ಪಾಸ್‌ಗಳಿಂದ 19 ಗೋಲುಗಳು ಬಂದವು. ಥಿಯರಿ ಆನ್ರಿ ಅವರ ದಾಖಲೆಗೆ ಒಂದೇ ಕಡಿಮೆ.

ಆದರೂ 'ಸೋಮಾರಿ' ಎಂಬ ಹಣೆಪಟ್ಟಿ ತಪ್ಪಲಿಲ್ಲ. ಚೆಂಡು ಕಸಿಯಲು ಅವರು ಮುನ್ನುಗ್ಗುತ್ತಿರಲಿಲ್ಲ, ದೊಡ್ಡ ಪಂದ್ಯಗಳಲ್ಲಿ ಮಂಕಾಗುತ್ತಿದ್ದರು ಎಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಬಾಗಿದ ಭುಜ, ಭಾವರಹಿತ ಮುಖವನ್ನೇ ಸಾಕ್ಷ್ಯವಾಗಿಸಿ ಆಟವನ್ನು ಅಳೆದವರೂ ಬಹಳ.

ಒಂದು ಛಾಯಾಚಿತ್ರ

ಓಝಿಲ್ ಹುಟ್ಟಿದ್ದು ಗೆಲ್ಸೆನ್‌ಕಿರ್ಚೆನ್‌ನಲ್ಲಿ, ಟರ್ಕಿಯಿಂದ ದುಡಿಯಲು ಬಂದು ನೆಲೆಸಿದ ಕುಟುಂಬದ ಮೂರನೆಯ ತಲೆಮಾರಿನಲ್ಲಿ. 2010ರಲ್ಲಿ ಜರ್ಮನಿಯ ಬಾಂಬಿ ಪ್ರಶಸ್ತಿ ಅವರನ್ನು ಸಾಮಾಜಿಕ ಬೆರೆಯುವಿಕೆಯ ಮಾದರಿಯೆಂದು ಗೌರವಿಸಿತ್ತು. 2018ರ ಮೇ ತಿಂಗಳಲ್ಲಿ ಅವರು ಟರ್ಕಿ ಅಧ್ಯಕ್ಷ ಎರ್ಡೋಗನ್ ಜತೆ ಲಂಡನ್‌ನಲ್ಲಿ ತೆಗೆಸಿಕೊಂಡ ಛಾಯಾಚಿತ್ರ ಎಲ್ಲವನ್ನೂ ಬದಲಿಸಿತು. ಟರ್ಕಿಯಲ್ಲಿ ಚುನಾವಣೆ ಹೊಸ್ತಿಲಲ್ಲಿತ್ತು. ಭಿನ್ನಮತೀಯರನ್ನು ಸೆರೆಗೆ ತಳ್ಳುವ ನಾಯಕನ ಪಕ್ಕ ನಿಂತದ್ದಕ್ಕೆ ಪ್ರಶ್ನೆ ಎದ್ದದ್ದು ಸಹಜ.

ತಪ್ಪಾದದ್ದು ಮುಂದೆ. ರಾಜಕೀಯ ನಡೆಗೆ ಸಲ್ಲಬೇಕಿದ್ದ ಟೀಕೆಯನ್ನು ಆಟದ ಮೇಲೆ ಹೇರಲಾಯಿತು. ತಂಡದ ಸೋಲನ್ನು ಒಬ್ಬನ ಮೂಲಕ್ಕೆ ಕಟ್ಟಲಾಯಿತು. 2018ರ ಜುಲೈ 22ರಂದು ಓಝಿಲ್ ರಾಷ್ಟ್ರೀಯ ತಂಡ ತೊರೆದರು. ಗೆದ್ದರೆ ಜರ್ಮನ್, ಸೋತರೆ ವಲಸಿಗ ಎಂಬಂತೆ ತಮ್ಮನ್ನು ಕಾಣಲಾಗುತ್ತಿದೆ ಎಂಬುದು ಅವರ ಆರೋಪ. ಜರ್ಮನ್ ಫುಟ್‌ಬಾಲ್ ಸಂಸ್ಥೆ ಜನಾಂಗೀಯ ತಾರತಮ್ಯದ ದೂರನ್ನು ತಳ್ಳಿಹಾಕಿತು. 92 ಪಂದ್ಯ, 23 ಗೋಲುಗಳ ಅಧ್ಯಾಯ ಹೀಗೆ ಮುಗಿಯಿತು.

ಅಂದು ಎರ್ಡೋಗನ್ ಅವರನ್ನು ಭೇಟಿಯಾಗಿದ್ದ ಇನ್ನೊಬ್ಬ ಆಟಗಾರ ಇಲ್ಕಾಯ್ ಗುಂಡೊಗನ್ ವಿವರಣೆ ನೀಡಿ ತಂಡದಲ್ಲೇ ಉಳಿದರು. 2024ರ ಯೂರೊ ಕಪ್‌ನಲ್ಲಿ ಜರ್ಮನಿಯ ನಾಯಕರೂ ಆದರು. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿತ್ತು ಎನ್ನಲಾಗದು. ಆದರೆ ಅದನ್ನು ತಟ್ಟಬೇಕಾದ ಹೊರೆ ಆಟಗಾರನ ಮೇಲೇ ಬಿತ್ತು ಎಂಬುದನ್ನು ಮರೆಯುವಂತಿಲ್ಲ.

ಓಝಿಲ್ 2023ರ ಮಾರ್ಚ್‌ನಲ್ಲಿ ಆಟಕ್ಕೆ ವಿದಾಯ ಹೇಳಿದರು. 2025ರಲ್ಲಿ ಎರ್ಡೋಗನ್ ಅವರ ಪಕ್ಷದ ಉನ್ನತ ಮಂಡಳಿ ಸೇರಿದರು. ಟೀಕಾಕಾರರು ಇದನ್ನು ತಮ್ಮ ವಾದಕ್ಕೆ ಪುರಾವೆ ಎನ್ನಬಹುದು. ಅವರ ರಾಜಕೀಯವನ್ನು ಒಪ್ಪಬೇಕಿಲ್ಲ. ಆದರೆ ಕಜಾನ್‌ನಲ್ಲಿ ಗೋಲಾಗದೆ ಉಳಿದ ಆ ಏಳು ಅವಕಾಶಗಳ ಲೆಕ್ಕವನ್ನು ಆಟದ ಪುಟದಲ್ಲೇ ಬರೆಯಬೇಕಲ್ಲವೇ?