ಅಪ್ಪನ ಗುಲಾಬಿಗೆ ಬಂದ ಚಿಗುರು

ಜೂನ್‌ನಲ್ಲಿ ನಮ್ಮ ಬಾಲ್ಕನಿಯ ಗುಲಾಬಿ ಕುಂಡದಲ್ಲಿ ಮೂರಡಿ ಉದ್ದದ ಚಿಗುರು ಬಂದಿತ್ತು. ಖುಷಿಯಾಗಿ ಫೋಟೋ ತೆಗೆದು ಹಾಸನದಲ್ಲಿರೋ ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಅಪ್ಪ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದ ತಂದಿದ್ದ ಕಡುಗೆಂಪು ಗುಲಾಬಿ ಅದು. ಅವರು ಹೋದ ಮೇಲೆ ಕುಂಡದ ಸಮೇತ ಬೆಂಗಳೂರಿಗೆ ತಂದುಕೊಂಡಿದ್ದೆ.

ಅಮ್ಮ ತಕ್ಷಣ ಫೋನ್ ಮಾಡಿದರು. "ಆ ಚಿಗುರು ಎಲ್ಲಿಂದ ಬಂದಿದೆ ನೋಡೋ. ಗಂಟಿನ ಕೆಳಗಿಂದಾನಾ?"

ಮಣ್ಣು ಸರಿಸಿ ನೋಡಿದೆ. ಕೆಳಗಿಂದಲೇ.

ನರ್ಸರಿ ಗುಲಾಬಿ ಅಂದ್ರೆ ಬಹುಪಾಲು ಎರಡು ಗಿಡ. ಕೆಳಗಿರೋದು ಕಾಡುಜಾತಿಯ ಗಟ್ಟಿ ಬೇರು. ಅದರ ಕಾಂಡಕ್ಕೆ ನಮಗೆ ಬೇಕಾದ ಹೂವಿನ ಗಿಡದ ಒಂದು ಕಣ್ಣನ್ನು ಕಸಿ ಕಟ್ಟಿರ್ತಾರೆ. ಗಂಟು ಇರೋದು ಅಲ್ಲೇ. ಬೇರಿನ ಗಿಡವೇ ಚಿಗುರಿದರೆ ಮೇಲಿನದು ಸೊರಗುತ್ತೆ. ಒಂದೊಂದು ಎಲೆಯಲ್ಲಿ ಏಳು ಎಲೆಗಳಿದ್ದರೆ ಕಾಡುಗಿಡ ಅಂತಾರೆ, ಆದರೆ ಆ ಲೆಕ್ಕ ಯಾವಾಗಲೂ ಸರಿಹೋಗಲ್ಲ. ಚಿಗುರಿನ ಬುಡ ನೋಡೋದೇ ವಾಸಿ. ನಾನೋ ಎರಡು ತಿಂಗಳು ಗೊಬ್ಬರ ಹಾಕಿ ಬೆಳೆಸಿದ್ದು ಅಪ್ಪನ ಗಿಡವನ್ನಲ್ಲ!

ಗುಲಾಬಿಯ ನೆಂಟ ಸೇಬಿನದೂ ಇದೇ ಕಥೆ. ಸೇಬಿನ ಬೀಜ ಹಾಕಿದರೆ ಅದೇ ರುಚಿಯ ಹಣ್ಣು ಬರಲ್ಲ, ಕಸಿಯೇ ಆಗಬೇಕು. ರೆಡ್ ಡೆಲಿಶಿಯಸ್ ಸೇಬು ಶುರುವಾಗಿದ್ದು ಅಮೆರಿಕದ ಅಯೋವಾದಲ್ಲಿ, ಜೆಸ್ಸಿ ಹಯಟ್ ಅನ್ನೋ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಒಂದೇ ಗಿಡದಿಂದ. ಹಿಮಾಚಲದ ಕೋಟ್‌ಗಢಕ್ಕೆ ಅದನ್ನು ತಂದವರು ಸತ್ಯಾನಂದ ಸ್ಟೋಕ್ಸ್. ಹಯಟ್ ಹೋಗಿ ನೂರು ವರ್ಷದ ಮೇಲಾಯ್ತು, ಅವನ ಗಿಡದ ಕಡ್ಡಿ ಇನ್ನೂ ಬೇರೆಯವರ ಬೇರಿನ ಮೇಲೆ ಬದುಕಿದೆ. ಆಫೀಸಲ್ಲಿ ಇದನ್ನೇ ಕ್ಲೋನ್ ಅಂತೀವಿ, ಅಷ್ಟೇ.

ನಮ್ಮ ಕುಂಡದಲ್ಲಿ ಅಪ್ಪನ ಗಿಡದ್ದು ಉಳಿದಿದ್ದು ಒಂದೇ ಕೊಂಬೆ, ಅದೂ ಅರ್ಧ ಒಣಗಿತ್ತು.

"ಚಿಗುರನ್ನ ಮೇಲೆ ಕತ್ತರಿಸಿದ್ರೆ ಮತ್ತೆ ಬರತ್ತೆ. ಬುಡದಿಂದ್ಲೇ ಕಿತ್ತು ತೆಗಿ. ಬಿಸಾಡ್ಬೇಡ ಮತ್ತೆ, ತುಂಡು ಮಾಡಿ ನೆಡು. ಬೇರು ಬಿಡ್ಲಿ, ನಾನೇ ಬಂದು ಅಪ್ಪನ ಗಿಡದ ಕಣ್ಣು ಕಟ್ತೀನಿ."

"ನಿಂಗೆ ಕಸಿ ಕಟ್ಟೋಕೆ ಬರುತ್ತಾ ಅಮ್ಮ?"

"ಮೂವತ್ತು ವರ್ಷ ಬ್ಲೇಡು, ಪ್ಲಾಸ್ಟಿಕ್ ಪಟ್ಟಿ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದು ಯಾರು?"

ಹಾಲಿನ ಪ್ಯಾಕೆಟ್‌ಗಳಲ್ಲಿ ಆರು ತುಂಡು ನೆಟ್ಟೆ, ನಾಲ್ಕು ಚಿಗುರಿವೆ. ಅಮ್ಮ ದಸರಾ ಮುಗಿಸಿ ಬರ್ತಾರಂತೆ. ಅಲ್ಲೀತನಕ ಅಪ್ಪನ ಕೊಂಬೆಯಲ್ಲಿ ಒಂದು ಕಣ್ಣಾದರೂ ಹಸಿರಾಗಿರಬೇಕು. ಬೆಳಿಗ್ಗೆ ಸ್ಟ್ಯಾಂಡಪ್ ಕಾಲ್‌ಗೆ ಮುಂಚೆ ಹೋಗಿ ನೋಡ್ತೀನಿ. ಇವತ್ತಿಗೆ ಮೂರಿವೆ.