ಆನ್‌ಲೈನ್ ಅಂಗಡಿಗೆ ಬೆಲ್ಲ ಒಂದೇ ಸಾಕು

ನಮ್ಮ ಕಿರಂಗೂರು ಕಡೆ ಹುಡುಗರು ಆನ್‌ಲೈನ್ ಅಂಗಡಿ ಶುರು ಮಾಡಿದ ತಕ್ಷಣ ಅಕ್ಕಿ, ಬೆಲ್ಲ, ಎಣ್ಣೆ, ಬೇಳೆ ಎಲ್ಲಾ ಹಾಕ್ತಾರೆ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು. ಎಣ್ಣೆ, ಬೇಳೆ ಹೊರಗಿಂದ ತಂದು ಮಾರಿದೆ. ಗಿರಾಕಿ ಫೋನ್ ಮಾಡಿ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಲ್ಲ ಆದರೆ ಹೇಳಬಲ್ಲೆ: ಯಾವ ಗದ್ದೆ ಕಬ್ಬು, ಹೈಡ್ರೋಸ್ ಹಾಕದೆ ಬೆಂಡೆ ಲೋಳೆಯಲ್ಲಿ ಕೊಳೆ ಹೇಗೆ ತೆಗೆದೆವು, ಬಣ್ಣ ಯಾಕೆ ಕಂದು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ. ಗಿರಾಕಿ ಕೇಳಿದ್ದಕ್ಕೆಲ್ಲ ನೀವೇ ಉತ್ತರ ಕೊಡಬಲ್ಲಷ್ಟು ಮಾಲು ಮಾತ್ರ ಇಡಿ.

ಹಾಗಂತ ತೀರಾ ಕಿರಿದು ಮಾಡಬೇಡಿ. ಆಮೇಲೆ ಒಂದು ವರ್ಷ ಜೋನಿಬೆಲ್ಲ ಒಂದನ್ನೇ ಮಾರಿದೆ. ಒಂದು ಬಾಟಲಿ ಕೊಂಡವರು ತಿಂಗಳುಗಟ್ಟಲೆ ತಿರುಗಿ ನೋಡಲಿಲ್ಲ. ಅಚ್ಚು, ಪುಡಿ, ಜೋನಿ ಮೂರೂ ಇಟ್ಟ ಮೇಲೆ ಅದೇ ಮನೆಯವರು ತಿಂಗಳು ತಿಂಗಳು ತರಿಸ್ತಾರೆ. ಮೂರಕ್ಕೂ ಅದೇ ಕಬ್ಬು, ಅದೇ ಕೊಪ್ಪರಿಗೆ.

2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲೂ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಅಂತ ಮಂಡ್ಯಕ್ಕೆ ಆರಿಸಿರೋದು ಬೆಲ್ಲವನ್ನೇ. ಇವತ್ತೇ ನಿಮ್ಮ ಪಟ್ಟಿ ತೆಗೆಯಿರಿ. ನಿಮ್ಮ ಹೊಲದಲ್ಲಿ, ನಿಮ್ಮ ಆಲೆಮನೆಯಲ್ಲಿ ಆಗದ ಮಾಲನ್ನ ಹೊಡೆದುಹಾಕಿ. ಉಳಿದದ್ದೇ ನಿಮ್ಮ ಅಂಗಡಿ.