ನಾಲೆ ಏರಿಯ ಸೈಕಲ್ ಸವಾರಿ ಬಿಡದಿಗೆ ಬೇಡವೇ?

ಭಾನುವಾರ ಬೆಳಿಗ್ಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ಸೈಕಲ್ಲುಗಳ ಸಾಲು. ಎಲ್ಲಾ ಬೆಂಗಳೂರಿನವು. ಕೆಲವುದರ ಬೆಲೆ ಕೇಳಿದರೆ ಸ್ಕೂಟರೇ ನಾಚಬೇಕು. ಸವಾರರು ಇಡ್ಲಿ ತಿಂದು, ಕಾಫಿ ಕುಡಿದು, ಹೆಚ್ಚಿನವರು ಬಂದ ದಾರಿಗೇ ತಿರುಗುತ್ತಾರೆ. ಗಟ್ಟಿ ಕಾಲಿನವರು ಮುಂದೆ ಶ್ರೀರಂಗಪಟ್ಟಣಕ್ಕೆ ಹೊರಡುತ್ತಾರೆ. ಬಿಡದಿ ಸುತ್ತಿನ ಹಳ್ಳಿಗಳ ಕಡೆಗೆ ಹ್ಯಾಂಡಲ್ ತಿರುಗಿಸುವವರೇ ಅಪರೂಪ. ಯಾಕೆ ಸ್ವಾಮಿ?

ಶ್ರೀರಂಗಪಟ್ಟಣದಲ್ಲಿ ಕೋಟೆ ಒಂದೇ ಅಲ್ಲ, ನಾಲೆಗಳೂ ಇವೆ. ಏರಿ ಹಿಡಿದರೆ ಒಂದಿಡೀ ದಿನ ತುಳಿಯಬಹುದು. ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ಕಾವೇರಿಯ ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ದ್ವೀಪಕ್ಕೆ ಬರುತ್ತದೆ. ಹೊಳೆಯ ಮೇಲೊಂದು ಹೊಳೆ! 1645ರಿಂದ 1648ರೊಳಗೆ ಕಟ್ಟಿದ ಒಡ್ಡಿನಿಂದಲೇ ರಂಗನತಿಟ್ಟಿನ ನಡುಗಡ್ಡೆಗಳು ಮೂಡಿದ್ದು. ಇನ್ನೊಂದು, 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ. ಕನ್ನಂಬಾಡಿ ಕಟ್ಟೆಗೆ ಕಲ್ಲು ಬೀಳುವುದಕ್ಕೆ ಇನ್ನೂರು ವರ್ಷ ಮೊದಲಿನದು.

ನಾಲೆಯ ದಾರಿಯಲ್ಲಿ ಏರು ಕಡಿಮೆ. ನೀರು ದಿಬ್ಬ ಹತ್ತುವುದಿಲ್ಲವಲ್ಲ, ಅದಕ್ಕೇ ನೆಲದ ಮಟ್ಟ ನೋಡಿ, ದಿಬ್ಬ ಬಳಸಿಕೊಂಡು ತೋಡಿದ್ದಾರೆ. ಹಳೇ ಅಟ್ಲಾಸ್ ಸೈಕಲ್ಲಿನ ಯಜಮಾನರೂ ಏದುಸಿರಿಲ್ಲದೆ ಹೋಗಬಹುದು. ಆದರೆ ಹುಷಾರು ಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಸೇರಿ. ತಡೆಗೋಡೆ ಇಲ್ಲದ ಏರಿಯನ್ನು ಪ್ರವಾಸದ ದಾರಿ ಎಂದು ಬೋರ್ಡು ಹಾಕಿದರೆ ಆಗಲಿಲ್ಲ.

ಹಾಗಾದರೆ ಬಿಡದಿಗೆ ನಾಲೆ ಇಲ್ಲವೇ? ಧಾರಾಳವಾಗಿ ಇದೆ. 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡ ಕಟ್ಟಿದ ಬೈರಮಂಗಲ ಜಲಾಶಯ, ಅದರ ಎಡದಂಡೆ, ಬಲದಂಡೆ ನಾಲೆಗಳು. ಹೊಳೆ ಹುಟ್ಟಿದ್ದು ಬಸವನಗುಡಿಯ ಬಸವಣ್ಣನ ಪಾದದಲ್ಲಿ ಎನ್ನುತ್ತಾರೆ. ಬೆಂಗಳೂರು ದಾಟುವಷ್ಟರಲ್ಲಿ ಅದು ಮೋರಿ. ಮನೆಗಳ ಕೊಳಚೆ, ಕಾರ್ಖಾನೆಗಳ ಕೊಳಚೆ ಎಲ್ಲಾ ಸೇರಿ ಬೈರಮಂಗಲಕ್ಕೆ ಬಂದು ನಿಲ್ಲುತ್ತದೆ. ಕೋಡಿಯಲ್ಲಿ ಬಿಳೀ ನೊರೆ, ದೂರದಿಂದ ಹತ್ತಿ ಹಿಂಜಿಟ್ಟ ಹಾಗೆ ಕಾಣುತ್ತದೆ. ಈ ಏರಿ ಮೇಲೆ ಸೈಕಲ್ ತುಳಿಯುವವನು ಒಂದು ಕೈಲಿ ಮೂಗು ಹಿಡಿದರೆ ಬ್ರೇಕಿಗೆ ಕೈ ಎಲ್ಲಿಂದ ತರಬೇಕು? ಪ್ರವಾಸಿ ಒಂದು ದಿನ ಬಂದು ಹೋಗುತ್ತಾನೆ. ಹುಲ್ಲಿನ ಹೊರೆ, ಹಿಪ್ಪುನೇರಳೆ ಸೊಪ್ಪು, ಡೈರಿಗೆ ಹಾಲಿನ ಕ್ಯಾನು ಸಾಗಿಸುವವರು ದಿನಾ ಈ ವಾಸನೆಯಲ್ಲೇ ಓಡಾಡಬೇಕು. ಸೊಪ್ಪು ಬೆಳೆಯುವುದೂ ಇದೇ ನೀರಿನಲ್ಲಿ.

ಈಗ ಸೈಕಲ್ಲಿಗೆ ಬೇರೆ ದಾರಿಯಾದರೂ ಎಲ್ಲಿದೆ? 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರಾಕ್ಟರುಗಳ ಜೊತೆ ಎಂಜಿನ್ ಇಲ್ಲದ ಗಾಡಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಬಸ್ಸು, ಲಾರಿ, ಸೈಕಲ್ಲು ಎಲ್ಲಾ ಒಟ್ಟಿಗೆ. ಬೈಪಾಸ್ ಆದ ಮೇಲೆ ಪೇಟೆಯ ವ್ಯಾಪಾರ ಬಿದ್ದುಹೋಯಿತೆಂದು ಅಂಗಡಿಯವರ ಗೋಳು ಬೇರೆ. ಕಾರಿನವನು ಮೇಲ್ದಾರಿಯಲ್ಲಿ ಭರ್ರೆಂದು ಹೋಗುತ್ತಾನೆ. ನಿಂತು, ನೀರು ಕುಡಿದು, ಬಾಳೆಹಣ್ಣು ಕೊಳ್ಳುವ ಗಿರಾಕಿ ಎಂದರೆ ಸೈಕಲ್ಲಿನವನೇ.

ಇದರ ಮಧ್ಯೆ 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಕಡೆ ಟೌನ್‌ಶಿಪ್ಪಿಗೆ ಜಮೀನಿನ ಅಧಿಸೂಚನೆ ಹೊರಟಿತು. ಭೂಮಿ ಬಿಡೆವು ಎಂದು ರೈತರು ಧರಣಿ ಕೂತರು. ಆ ಜಗಳದ ತೀರ್ಮಾನ ಹೇಗೇ ಆಗಲಿ, ನಕ್ಷೆ ಬರೆಯುವ ಸಾಹೇಬರನ್ನು ಒಂದು ಮಾತು ಕೇಳಲೇಬೇಕು: ನಾಲೆ ಏರಿ ನಕ್ಷೆಯಲ್ಲಿ ಉಳಿಯುತ್ತದೋ, ಸೈಟುಗಳ ಕೆಳಗೆ ಮುಚ್ಚಿಹೋಗುತ್ತದೋ? ಒಮ್ಮೆ ಮುಚ್ಚಿದ ಏರಿಯನ್ನು ಮತ್ತೆ ತೆಗೆಸಿದ ಉದಾಹರಣೆ ಎಷ್ಟಿವೆ?

ಪೇಟೆ ವ್ಯಾಪಾರಿಗಳು, ಹಳ್ಳಿ ರೈತರು ಸೇರಿ ಮನವಿ ಕೊಡುವುದಾದರೆ ಮೊದಲ ಸಾಲು ನೀರಿನದಿರಲಿ. ಬೆಂಗಳೂರಿನ ಕೊಳಚೆ ಬೆಂಗಳೂರಿನಲ್ಲೇ ಶುದ್ಧವಾಗಿ ಇತ್ತ ಬರಬೇಕು. ಎರಡನೇ ಸಾಲಿನಲ್ಲಿ ಏರಿ, ತಡೆಗೋಡೆ, ನೆರಳಿಗೆ ಹೊಂಗೆ ಮರ. ಸೈಕಲ್ ಪ್ರವಾಸದ ಮಾತನ್ನು ಮೂರನೇ ಸಾಲಿನಲ್ಲಿ ಬರೆದರೂ ತಡವೇನಿಲ್ಲ.